ಹೊಳೆ ಕಡೆಯ ಕಿಟಕಿ

ಆಲದ ಮರ ದಾಟಿದ್ದ ಅಷ್ಟೇ... ಹಿಂದಿನಿಂದ ಸದ್ದು ಕೇಳಿಸಿತು. ಕರ್ರ್... ಕರ್ರ್... ಕರ್ರ್...

ದೇವರಾಜ್ ನಿಂತ. ಶಿವಮೊಗ್ಗದ ಕಡೇ ಬಸ್ಸು ತಪ್ಪಿಹೋಗುತ್ತೆ ಅಂತ ಬಿರಬಿರನೆ ಹೊರಟಿದ್ದವನು. ಆದರೂ ನಿಂತ. ಆ ಸದ್ದು ಅವನಿಗೆ ಚೆನ್ನಾಗಿ ಗೊತ್ತು. ಹಸಿ ಗಾರೆಯನ್ನ ಕರಣೆಯಲ್ಲಿ ಕೆರೆಯೋ ಸದ್ದು. ಬರ್ತಿದ್ದದ್ದು ಅವನು ಈಗಷ್ಟೇ ಬೀಗ ಹಾಕಿ ಬಂದ ಮನೆಯಿಂದ.

ಈ ದೇವರಾಜ್ ನಮ್ಮ ಪಕ್ಕದ ಮನೆಯವನು. ಕುಡಿಯೋನಲ್ಲ, ಇಲ್ಲದ್ದು ಕಟ್ಟಿ ಹೇಳೋನೂ ಅಲ್ಲ. ಮನೆ ರಿಪೇರಿ ಕಂಟ್ರಾಕ್ಟು ಮಾಡ್ತಿದ್ದ. ತೊಂಬತ್ತರ ದಶಕದ ಮಾತು. ಒಂದು ಮಳೆಗಾಲ ಭದ್ರಾ ಹೊಳೆ ಉಕ್ಕಿ, ಭದ್ರಾವತಿಯಲ್ಲಿ ದಂಡೆ ಮೇಲಿನ ಕೆಲವು ಮನೆಗಳಿಗೆ ನೀರು ನುಗ್ಗಿತ್ತು. ಬಸವರಾಜೇಶ್ವರಿ ಅನ್ನೋ ಸ್ಕೂಲ್ ಟೀಚರ್ ಮನೆ ಅದರಲ್ಲೊಂದು. ಗಂಡ ಇಲ್ಲ. ಅಮೂಲ್ಯ, ಸ್ಪಂದನಾ ಅಂತ ಇಬ್ಬರು ಹೆಣ್ಣುಮಕ್ಕಳು. ಮನೆ ಸರಿಯಾಗೋವರೆಗೆ ಅದೇ ಬೀದಿ ತುದಿಯಲ್ಲಿದ್ದ ಅಣ್ಣನ ಮನೆಯಲ್ಲಿ ಉಳಿದಿದ್ದರು. ದೇವರಾಜ್‌ಗಿಂತ ಮೊದಲು ಇಬ್ಬರು ಕಂಟ್ರಾಕ್ಟರುಗಳು ಕೆಲಸ ಹಿಡಿದು ಅರ್ಧಕ್ಕೇ ಬಿಟ್ಟುಹೋಗಿದ್ದರು. ಯಾಕೆ ಅಂತ ಅವನು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಕೆಲಸ ಒಪ್ಪಿಸೋ ದಿನ ಟೀಚರ್ ಹೇಳಿದ್ದು ಒಂದೇ ಮಾತು.

"ಹೊಳೆ ಕಡೆ ಕಿಟಕಿ ಇದೆಯಲ್ಲ, ಅದನ್ನ ಇಟ್ಟಿಗೆ ಇಟ್ಟು ಮುಚ್ಚಿಬಿಡಿ. ಉಳಿದದ್ದು ನಿಮಗೆ ಬಿಟ್ಟಿದ್ದು."

"ಗಾಳಿ ಬೆಳಕು ಬರೋದೇ ಅಲ್ಲಿಂದ ಮೇಡಂ. ಸರಳು ಕಿತ್ತುಹೋಗಿದೆ ಅಷ್ಟೇ, ಹೊಸದು ಕೂರಿಸ್ತೀನಿ."

"ಬೇಡ. ಮುಚ್ಚಿ." ಅಂದವರು ಆ ಕಿಟಕಿ ಕಡೆ ತಿರುಗಿಯೂ ನೋಡಲಿಲ್ಲ.

ಮುಚ್ಚಿದರು. ಬೆಳಿಗ್ಗೆ ಬಂದು ನೋಡಿದರೆ ಕಿಟಕಿ ಬಾಯಿ ತೆರೆದುಕೊಂಡಿತ್ತು. ಇಟ್ಟಿಗೆಗಳೆಲ್ಲ ಒಳಗೆ, ನೆಲದ ಮೇಲೆ ಓರಣವಾಗಿ ಜೋಡಿಸಿಟ್ಟಿವೆ. ಒಂದಕ್ಕೂ ಗಾರೆ ಅಂಟಿಲ್ಲ. ಬಾಗಿಲಿಗೆ ಹಾಕಿದ ಬೀಗ ಹಾಕಿದ ಹಾಗೇ ಇದೆ.

"ಯಾರೋ ಪಡ್ಡೆ ಹುಡುಗ್ರ ಕಿತಾಪತಿ," ಅಂದ ಮೇಸ್ತ್ರಿ ಕಲ್ಲಪ್ಪ. ಮತ್ತೆ ಮುಚ್ಚಿದರು. ಮಾರನೇ ದಿನವೂ ಅದೇ ಕತೆ. ಕಲ್ಲಪ್ಪ ಕರಣೆ ಕೆಳಗಿಟ್ಟ. "ದೇವಣ್ಣ, ಈ ಗೋಡೆ ನಾನು ಮುಟ್ಟಲ್ಲ ಮಾರಾಯ. ಬೇಕಾದ್ರೆ ನೀನೇ ಕಟ್ಟು."

ಹಟಕ್ಕೆ ಬಿದ್ದು ದೇವರಾಜ್ ತಾನೇ ಕೂತು ಕಟ್ಟಿದ. ಮುಗಿಯುವಾಗ ಕತ್ತಲಾಗಿ ಎಷ್ಟೋ ಹೊತ್ತಾಗಿತ್ತು. ಆಳುಗಳೆಲ್ಲ ಹೊರಟುಹೋಗಿದ್ದರು. ಬೀಗ ಹಾಕಿ, ಆಲದ ಮರ ದಾಟಿದ್ದ...

ಕರ್ರ್... ಕರ್ರ್...

ಬಸ್ಸು ಹೋದರೆ ಹೋಗಲಿ, ಕಳ್ಳ ಸಿಗ್ತಾನೆ ಅಂತ ವಾಪಸ್ ಬಂದ. ಬೀಗ ತೆಗೆದ. ಟಾರ್ಚು ಹಾಕಿದ. ಸದ್ದು ನಿಂತಿತು. ಒಳಗೆ ಹೊಳೆಯ ಗೋಡುಮಣ್ಣಿನ ವಾಸನೆ. ಎಲ್ಲೋ ತೊಟ್... ತೊಟ್... ಅಂತ ನೀರು ಬೀಳ್ತಿತ್ತು. ಕಿಟಕಿಯಲ್ಲಿ ಅರ್ಧದಷ್ಟು ಇಟ್ಟಿಗೆ ಕಿತ್ತಾಗಿತ್ತು. ಕೋಣೆಯಲ್ಲಿ ಒಂದು ನರಪಿಳ್ಳೆ ಇಲ್ಲ.

ಆಗ... ಕಿವಿ ಪಕ್ಕದಲ್ಲೇ, ಹೆಂಗಸಿನ ದನಿ. ಓಡಿ ಬಂದು ಏದುಸಿರು ಬಿಡೋರ ಥರ.

"ಮುಚ್ಚಬ್ಯಾಡ ಕಣಣ್ಣ... ಇನ್ನೊಂದು ಮಗು ಒಳಗೈತೆ. ಇನ್ನೂ ಸಿಕ್ಕಿಲ್ಲ..."

ಟಾರ್ಚು ಎಲ್ಲಿ ಬಿತ್ತೋ ಅವನಿಗೆ ಗೊತ್ತಿಲ್ಲ. ಓಡಿ ಹೋಗಿ ಟೀಚರ್ ಅಣ್ಣನ ಮನೆ ಬಾಗಿಲು ಬಡಿದ. ಬಾಗಿಲು ತೆಗೆದದ್ದು ಟೀಚರೇ. ಅವನು ತೊದಲ್ತಾ ಎಲ್ಲ ಹೇಳಿದ. ಅವರು ಹೊಸಿಲ ಮೇಲೇ ಕುಸಿದು ಕೂತರು.

"ಮಗು ಅಂದಳಾ?" ಪಿಸುಗುಟ್ಟಿದರು.

"ಹೂಂ ಮೇಡಂ."

"ದುರ್ಗಮ್ಮ..." ಅಂದರು.

ದುರ್ಗಮ್ಮ ದಂಡೆ ಮೇಲೆ ಗುಡಿಸಲು ಹಾಕ್ಕೊಂಡು ಸೊಪ್ಪು ಮಾರ್ತಿದ್ದವಳು. ನೀರು ನುಗ್ಗಿದ ರಾತ್ರಿ ಟೀಚರ್ ಮನೆಯ ಮುಂಬಾಗಿಲು ನೀರಿನ ಒತ್ತಡಕ್ಕೆ ತೆರೆಯಲೇ ಇಲ್ಲ. ಇವಳು ಈಜಿಕೊಂಡು ಬಂದು, ಹಾರೆಯಿಂದ ಕಿಟಕಿ ಸರಳು ಮೀಟಿ, ಮಕ್ಕಳಿಬ್ಬರನ್ನೂ ಟೀಚರನ್ನೂ ಹೊರಗೆಳೆದು ಪಕ್ಕದ ಮನೆ ತಾರಸಿ ಮೆಟ್ಟಿಲು ಹತ್ತಿಸಿದಳು. ತಾನೂ ಹತ್ತಬೇಕು, ಅಷ್ಟರಲ್ಲಿ ನಿಂತು ಕಿವಿಗೊಟ್ಟಳು.

"'ಅಕ್ಕಾ, ಒಳಗೆ ಇನ್ನೊಂದು ಮಗು ಅಳ್ತೈತಲ್ಲ' ಅಂದಳು, ದೇವರಾಜ್. ನನಗಿರೋದು ಎರಡೇ. ಹೇಳಬೇಕಿತ್ತು... ಚಳಿಗೆ, ಹೆದರಿಕೆಗೆ ದವಡೆ ಕಚ್ಚಿಕೊಂಡುಬಿಟ್ಟಿತ್ತು. ಬಾಯಿಂದ ಮಾತೇ ಹೊರಡಲಿಲ್ಲ. ಅವಳು ಮತ್ತೆ ಕಿಟಕಿಯೊಳಗೆ ಹೋದಳು. ಹಿಂದಿನ ಗೋಡೆ ಬಿತ್ತು. ಹೆಣವೂ ಸಿಗಲಿಲ್ಲ."

ಆಮೇಲೆ ಎದ್ದು ಒಳಗೆ ಹೋಗಿ ಮಕ್ಕಳನ್ನು ಎಬ್ಬಿಸಿದರು. ನಿದ್ದೆಗಣ್ಣಲ್ಲಿದ್ದ ಅವರ ಕಾಲಿಗೆ ಚಪ್ಪಲಿ ಸಿಕ್ಕಿಸಿ, ಒಬ್ಬೊಬ್ಬಳನ್ನು ಒಂದೊಂದು ಕೈಯಲ್ಲಿ ಹಿಡಿದುಕೊಂಡು ಹೊರಟರು. ದೇವರಾಜ್ ಲಾಟೀನು ಹಿಡಿದು ಹಿಂದೆ.

ಟೀಚರ್ ಆ ಕಿಟಕಿ ಮುಂದೆ ಹೋಗಿ ನಿಂತರು.

"ದುರ್ಗಮ್ಮ," ಅಂದರು. ಇನ್ನೊಂದು ಸಲ ಗಟ್ಟಿಯಾಗಿ ಕೂಗಿದರು. "ದುರ್ಗಮ್ಮ! ಎರಡೇ ಕಣೇ ನನ್ನ ಮಕ್ಕಳು. ನೋಡು, ಇಬ್ಬರೂ ಇಲ್ಲೇ ಇದ್ದಾರೆ. ನೀನೇ ಉಳಿಸಿಕೊಟ್ಟದ್ದು. ಸಾಕು... ಹೊರಗೆ ಬಾ ತಾಯಿ."

ತೊಟ್ಟಿಕ್ಕೋ ಸದ್ದು ನಿಂತಿತು.

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಿಟಕಿಯಲ್ಲಿ ಉಳಿದಿದ್ದ ಇಟ್ಟಿಗೆಗಳು ಧೊಪ್ ಧೊಪ್ ಅಂತ ಒಳಗೆ ನೆಲಕ್ಕೆ ಬಿದ್ದವು. ತಣ್ಣನೆ ಗಾಳಿಯೊಂದು ಅವರನ್ನ ಸವರಿಕೊಂಡು ಕಿಟಕಿ ದಾಟಿ ಹೋಯಿತು. ಕೆಳಗೆ ಹೊಳೆಯಲ್ಲಿ... ಬುಳುಕ್. ಅಷ್ಟೇ.

ಟೀಚರ್ ಮಕ್ಕಳನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತರು. ನೆರೆ ಬಂದಾಗಿಂದ ಅವರು ಅತ್ತದ್ದು ಅದೇ ಮೊದಲು ಅಂತ ಆಮೇಲೆ ಅವರ ಅಣ್ಣ ಹೇಳಿದರಂತೆ. ಆ ಕಿಟಕಿಯನ್ನ ಮುಚ್ಚಲಿಲ್ಲ. ದೇವರಾಜ್ ಹೊಸ ಚೌಕಟ್ಟು ಕೂರಿಸಿಕೊಟ್ಟ. ಮತ್ತೆ ಯಾವ ಸದ್ದೂ ಇಲ್ಲ. ಟೀಚರ್ ಮಕ್ಕಳ ಜೊತೆ ಅದೇ ಮನೆಗೆ ಬಂದು ಬಾಳಿದರು.

ಆದರೆ ಒಂದು ಮಾತಿದೆ. ಇದನ್ನ ದೇವರಾಜ್ ಎಲ್ಲರ ಹತ್ತಿರ ಹೇಳಲ್ಲ.

ಆ ದಿನ ಸಂಜೆ ಆಳುಗಳು ಹೊರಡೋ ಮುಂಚೆ ಕಿಟಕಿ ಹೊರಗಿನ ಕಟ್ಟೆಗೆ ಹೊಸ ಸಿಮೆಂಟು ಬಳಿದಿದ್ದರು. ರಾತ್ರಿ ಯಾರೂ ಕಿಟಕಿಯ ಆಚೆ ಕಾಲಿಟ್ಟಿರಲಿಲ್ಲ. ಬೆಳಿಗ್ಗೆ ನೋಡಿದರೆ ಅದರ ಮೇಲೆ, ಹೊಳೆ ಕಡೆಗೆ ಮುಖ ಮಾಡಿದ ಬರಿಗಾಲಿನ ಹೆಜ್ಜೆ. ದೊಡ್ಡ ಹೆಂಗಸಿನದು. ಅದರ ಪಕ್ಕದಲ್ಲೇ... ಅಂಗೈಯಷ್ಟೂ ಇಲ್ಲದ ಇನ್ನೊಂದು ಹೆಜ್ಜೆ. ಬೀದಿಯಲ್ಲೆಲ್ಲ ವಿಚಾರಿಸಿದರು. ನೆರೆಯಲ್ಲಿ ಮಗು ಕಳಕೊಂಡವರು ಯಾರೂ ಇರಲಿಲ್ಲ.

ನಡೆದದ್ದು ನಡೆದ ಹಾಗೆ ಹೇಳಿದ್ದೀನಿ, ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆ ಕಟ್ಟೆಗೆ ಮತ್ತೆ ಸಿಮೆಂಟು ಬಳಿಯೋಕೆ ಟೀಚರ್ ಬಿಡಲಿಲ್ಲ. ದೇವರಾಜ್ ಕೂತು ಬೆರಳಿಟ್ಟು ನೋಡಿದ್ದಾನೆ. ಆ ಬೀದಿಯ ಯಾವ ಮಗುವಿಗೂ ಇಲ್ಲದ ಹಾಗೆ, ಆ ಪುಟ್ಟ ಪಾದಕ್ಕೆ ಆರು ಬೆರಳು.