ಎರಡು ಬೆರಳಿನ ಅಳತೆ

ವಿಮಾನ ಕಾರ್ಖಾನೆಯ ಫಿಟ್ಟರ್‌ಗೆ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಸ್ಸಿನ ಸಾಲಿನಲ್ಲಿ ಅವನ ಹಿಂದೆ ನಿಂತಿದ್ದ ದರ್ಜಿಗೆ ಅದು ತಿಳಿದದ್ದು, ಫಿಟ್ಟರ್ ಅದೇ ಕಾರ್ಖಾನೆಯ ಮಾರಾಟ ವಿಭಾಗದಲ್ಲಿದ್ದ ತನ್ನ ಭಾವನನ್ನು ಕೆಣಕಿದಾಗ.

“ಭಾವ, ತೊಂಬತ್ತು ಸೀಟಿನ ವಿಮಾನಕ್ಕೆ ಸಣ್ಣ ಊರಿನೋರು ಮುಗಿಬೀಳ್ತಾರೆ, ನಲವತ್ತು ಆರ್ಡರ್ ಬಂದ್ರೆ ನಿನ್ನ ಕೆಲಸ ಕಾಯಂ ಅಂದಿದ್ರಿ. ಏನಾಯ್ತು?”

“ನಲವತ್ತನ್ನೂ ಕೊಳ್ಳೋರು ನಿನ್ನೆ ಬಂದಿದ್ರಪ್ಪ. ಕಾಲು ಚಾಚಿ ಕೂತು ಹೊಗಳಿದ್ದೇ ಹೊಗಳಿದ್ದು. ಆಮೇಲೆ ಒಬ್ಬ ತನ್ನ ಸೂಟ್‌ಕೇಸನ್ನ ತಲೆ ಮೇಲಿನ ಗೂಡಿಗಿಟ್ಟ. ಗೂಡಿನ ಬಾಗಿಲು ಮುಚ್ಚಲಿಲ್ಲ.”

“ನಾನು ಕೂರಿಸಿದ ಗೂಡು ಅದು! ನೂರು ಸಲ ಸೂಟ್‌ಕೇಸ್ ಇಟ್ಟು ನೋಡಿದೀನಿ.”

“ಯಾವ ಸೂಟ್‌ಕೇಸು?”

“ಕಂಪನಿಯೋರು ನಮಗೆಲ್ಲ ಹಂಚಿದ್ರಲ್ಲ, ಅದು.”

“ಲೋಕದೋರೆಲ್ಲ ನಮ್ಮ ಕಂಪನಿ ಸೂಟ್‌ಕೇಸೇ ಹಿಡ್ಕೊಂಡು ಓಡಾಡ್ತಾರೇನೋ ಮಾರಾಯ?”



“ಎಷ್ಟು ಹೊರಗಿತ್ತು?”

“ಎರಡು ಬೆರಳು.”

“ಗೂಡು ದೊಡ್ಡದು ಮಾಡೋಣ.”

“ಅವರು ಬೆಳಿಗ್ಗೆನೇ ಬೇರೆ ಕಂಪನಿ ವಿಮಾನಕ್ಕೆ ಸಹಿ ಹಾಕಿಬಿಟ್ರು.”

“ಅಕ್ಕನಿಗೆ ಗೊತ್ತಾ?”

“ನೀನೇ ಹೇಳು. ನನಗೆ ಬಾಯಿ ಬರಲ್ಲ.”

ಬಸ್ಸು ಬಂತು. ಇಬ್ಬರೂ ಹತ್ತಿ ಬೇರೆಬೇರೆ ಸೀಟಿನಲ್ಲಿ ಕೂತರು. ದರ್ಜಿ ತನ್ನ ಎರಡು ಬೆರಳುಗಳನ್ನು ಜೋಡಿಸಿ ನೋಡಿಕೊಂಡ. ಹೋದದ್ದು ನಲವತ್ತು ವಿಮಾನ, ಒಂದು ಕೆಲಸ.