ಬಾವಿಗೆ ಬಿಟ್ಟ ಪೈಪು

ಬಾಗಿಲು ಸ್ವಲ್ಪ ಮುಂದಕ್ಕೆ ಎಳೆಯಿರಿ. ಇದು ನಮ್ಮ ದೊಡ್ಡಮ್ಮನ ಮಗ ಶಿವರಾಜುಗೆ ಆದದ್ದು. ಕತೆ ಕಟ್ಟುವಷ್ಟು ಬುದ್ಧಿ ನಮ್ಮ ವಂಶದಲ್ಲಿ ಯಾರಿಗೂ ಇಲ್ಲ, ಅವನಿಗಂತೂ ಇಲ್ಲವೇ ಇಲ್ಲ.

ಶಿವರಾಜು ವೈರಿಂಗ್ ಕೆಲಸದವನು. ಅವತ್ತು ರಾತ್ರಿ ತೋಟದ ಶೆಡ್ಡೊಂದರಲ್ಲಿ ಕೆಲಸ ಮುಗಿಸಿ, ತೆಂಗಿನ ತೋಟದೊಳಗೇ ತನ್ನೂರು ಬಿಳಿಗೆರೆ ಕಡೆ ನಡೆದು ಹೊರಟಿದ್ದ. ಶೆಡ್ಡಿನ ಹಿಂದೆ ಮುಚ್ಚಿದ ಬಾವಿ. ಅದರ ಮೇಲೆ ಕಾಂಕ್ರೀಟ್ ಸ್ಲ್ಯಾಬ್. ಸ್ಲ್ಯಾಬಿನಿಂದ ಮೊಣಕಾಲೆತ್ತರಕ್ಕೆ ಎದ್ದ ಒಂದು ಪೈಪು...

ಜನರೇಟರ್ ಆಫ್ ಆಗಿತ್ತು. ಗಾಳಿ ಇರಲಿಲ್ಲ. ಆದರೂ ಪೈಪಿನಿಂದ ಸದ್ದು. ಹುಸ್... ಸ್ವಲ್ಪ ತಡೆದು, ಹಾ... ಮತ್ತೆ ಹುಸ್... ಮಲಗಿದವರ ಉಸಿರಿನ ಹಾಗೆ.

"ಶಿವ್ರಾಜು... ಮುಚ್ಬ್ಯಾಡ ಕಣ್ಲಾ."

ಗಾರೆ ಕೆಲಸದ ಕೆಂಚಪ್ಪನ ದನಿ. ಒಂದು ಅಮಾವಾಸ್ಯೆ ಕಳೆದು ಇನ್ನೊಂದು ಬಂದರೂ ಕೆಂಚಪ್ಪ ಊರಲ್ಲಿ ಕಂಡಿರಲಿಲ್ಲ. ಹಾಸನಕ್ಕೆ ಕೆಲಸಕ್ಕೆ ಹೋಗಿದ್ದಾನೆ ಎಂದು ಸೂರ್ಯಪ್ರಕಾಶ್ ಹೇಳಿದ್ದ.

ಈ ಸೂರ್ಯಪ್ರಕಾಶನೇ ಶೆಡ್ಡಿನ ಧಣಿ. ಹಳೆಯ ಕೊಬ್ಬರಿ ಗೋಡೌನು ಕೊಂಡು, ಹೊರಗೆ 'ಅಣಬೆ ಬೇಸಾಯ' ಎಂದು ಬೋರ್ಡು ಹಾಕಿ, ಒಳಗೆ ಗಾಂಜಾಕ್ಕೆ ಅರಮನೆ ಕಟ್ಟಿಸುತ್ತಿದ್ದ. ಕೋಣೆಯೊಳಗೆ ಕೋಣೆ, ಗೋಡೆಗೆಲ್ಲ ಥರ್ಮಾಕೋಲು, ಸಾಲುಸಾಲು ದೀಪ, ವಾಸನೆ ಹೊರಬರದಂತೆ ಫ್ಯಾನಿನ ಬಾಯಿಗೆ ತೆಂಗಿನ ಚಿಪ್ಪಿನ ಇದ್ದಿಲು. ನಮ್ಮೂರ ಹೆರಿಗೆ ವಾರ್ಡಿನಲ್ಲಿ ಇಲ್ಲದ ಎಸಿ ಅಲ್ಲಿ ಗಿಡಕ್ಕೆ ಇತ್ತು. ಎಲ್ಲವೂ ಪ್ಲಾನಿನ ಪ್ರಕಾರ. ಪ್ಲಾನಿನಲ್ಲಿ ಬಾವಿ ಇರಲಿಲ್ಲವಾದ್ದರಿಂದ ಬಾವಿ ಮುಚ್ಚಬೇಕಾಯಿತು.

ಕೆಂಚಪ್ಪ ಮುಚ್ಚಿದ. ಆದರೆ ನಮ್ಮ ಕಡೆಯ ರೂಢಿಯಂತೆ ಗಂಗಮ್ಮನ ಉಸಿರಿಗೆ ಒಂದು ಪೈಪು ಬಿಟ್ಟ.

"ಕಿತ್ತಾಕು. ಎಸಿ ಕೂರಿಸೋಕೆ ಅಡ್ಡ," ಅಂದಿದ್ದ ಸೂರ್ಯಪ್ರಕಾಶ್.

"ಆಗಕ್ಕಿಲ್ಲ ಸಾಮಿ. ಉಸ್ರು ಕಟ್ಟಿದ್ರೆ, ಬಾವಿ ಮುಚ್ಚಿಸ್ದೋನ ಉಸ್ರೂ ಕಟ್ತದೆ."

"ಹಂಗಾರೆ ನಿನ್ನ ಕೂಲಿನೂ ಕಟ್ಟಾಯ್ತು, ಹೋಗು."

"ಹೋಯ್ತೀನಿ. ಹಂಗೇ ದಾರೀಲಿ ಪೊಲೀಸ್ನೋರ್ಗೂ ನಿಮ್ಮ ಅಣಬೆ ಇಚಾರ ಹೇಳಿ ಹೋಯ್ತೀನಿ."

ಕೆಂಚಪ್ಪ ಎದುರಿಗೆ ನಿಂತು ಆಡಿದ್ದರಲ್ಲಿ ಶಿವರಾಜು ಕೇಳಿದ ಕೊನೆಯ ಮಾತು ಅದು. ಅವತ್ತು ಸಂಜೆಗೆ ಸ್ಲ್ಯಾಬಿನಲ್ಲಿ ಒಬ್ಬ ಆಳು ಇಳಿಯುವಷ್ಟು ಕಿಂಡಿ ಮುಚ್ಚುವುದು ಇನ್ನೂ ಉಳಿದಿತ್ತು. ಬೆಳಗಾಗುವಷ್ಟರಲ್ಲಿ ಅದು ಮುಚ್ಚಿತ್ತು, ಬಹಳ ಕೆಟ್ಟದಾಗಿ. ಕೆಂಚಪ್ಪನ ಕೈಕೆಲಸ ಅಲ್ಲ ಎಂದು ನೋಡಿದವರಿಗೆಲ್ಲ ಗೊತ್ತಾಯಿತು. ಯಾರೂ ಹೇಳಲಿಲ್ಲ. ಅದೂ ನಮ್ಮ ಕಡೆಯ ರೂಢಿ.

ಈಗ ಪೈಪಿನ ಎದುರು ನಿಂತಿದ್ದ ಶಿವರಾಜುವಿನ ಹಿಂದೆ ತರಗೆಲೆ ಚರಕ್ ಅಂದಿತು. ಸೂರ್ಯಪ್ರಕಾಶ್. ಒಂದು ಕೈಯಲ್ಲಿ ಸಿಮೆಂಟಿನ ಬಾಂಡ್ಲಿ, ಇನ್ನೊಂದರಲ್ಲಿ ಕಾಯಿ ಕೊಚ್ಚುವ ಮಚ್ಚು.

"ಪೈಪಿಂದ ನಾತ ಬತ್ತದೆ. ಬಾಯಿ ಮುಚ್ಚು," ಅಂದ, ಮೆಲ್ಲಗೆ.

ಶಿವರಾಜು ತೆಪ್ಪಗೆ ಮುಚ್ಚಬಹುದಿತ್ತು. ಮುಚ್ಚಲಿಲ್ಲ.

"ಒಳಗೆ ಕೆಂಚಣ್ಣ ಮಾತಾಡ್ತಾವ್ನೆ ಸಾರ್."

ಸೂರ್ಯಪ್ರಕಾಶ್ ಬಾಂಡ್ಲಿಯನ್ನು ಜೋಪಾನವಾಗಿ ಕೆಳಗಿಟ್ಟ. ಆಮೇಲೆ ಮಚ್ಚು ಬೀಸಿದ. ಎಡ ಭುಜದ ಮೂಳೆಗೆ ತಾಗಿ ಕಟ್ ಅಂದಿತು. ಶಿವರಾಜು ಸ್ಲ್ಯಾಬಿನ ಮೇಲೆ ಬಿದ್ದ. ಮಚ್ಚು ಮತ್ತೆ ಮೇಲಕ್ಕೆ ಹೋಯಿತು. ಏಳಲು ಆಸರೆಗೆಂದು ಚಾಚಿದ ಬಲಗೈ ಪೈಪಿನ ಬಾಯಿಯ ಮೇಲೆ ಕೂತಿತು...

ಹುಸ್ ನಿಂತಿತು. ಮಚ್ಚೂ ನಿಂತಿತು.

ಸೂರ್ಯಪ್ರಕಾಶ್ ಬಾಯಿ ತೆರೆದ. ಒಳಗೆ ಏನೂ ಹೋಗಲಿಲ್ಲ. ಶಿವರಾಜು ಕೈ ತೆಗೆದ. ಸೂರ್ಯಪ್ರಕಾಶ್ ಹಾ ಎಂದು ಉಸಿರೆಳೆದು ಮಚ್ಚು ಎತ್ತಿದ. ಶಿವರಾಜು ಕೈ ಇಟ್ಟ. ಮಚ್ಚು ಮತ್ತೆ ನಿಂತಿತು. ವೈರಿಂಗಿನವನಿಗೆ ಯಾವುದು ಯಾವುದರ ಸ್ವಿಚ್ಚು ಎಂದು ತಿಳಿಯಲು ಇಷ್ಟು ಸಾಕು. ಮೈಭಾರವನ್ನೆಲ್ಲ ಬಿಟ್ಟು ಒತ್ತಿ ಹಿಡಿದ.

ಅಂಗೈ ಕೆಳಗೆ ತುಟಿ ಆಡಿದ ಹಾಗಾಯಿತು. "ಬ್ಯಾಡ... ಬ್ಯಾಡ ಕಣ್ಲಾ..."

ಶಿವರಾಜು ಕೈ ತೆಗೆಯಲಿಲ್ಲ.

ಸೂರ್ಯಪ್ರಕಾಶ್ ತನ್ನ ಗಂಟಲನ್ನು ತಾನೇ ಪರಚಿಕೊಂಡ. ಚರ್ಮ ಉಗುರಿಗೆ ಬಂತು. ರಕ್ತ ಬನಿಯನ್ನಿಗೆ ಇಳಿಯಿತು. ಬಿದ್ದ ಮೇಲೂ ಹಿಮ್ಮಡಿ ಕಾಂಕ್ರೀಟಿಗೆ ಬಡಿಯುತ್ತಿತ್ತು. ಟಕ್... ಟಕ್... ಆಮೇಲೆ ಅದೂ ಇಲ್ಲ. ಅಂಗೈ ಕೆಳಗಿನ ತುಟಿಯೂ ಆಡಲಿಲ್ಲ.

ಬೆಳಿಗ್ಗೆ ಶಿವರಾಜು ಕರೆಸಿದ ಪೊಲೀಸರು ಗಿಡ ನೋಡಿ ಬೆರಗಾದರು, ಹೆಣ ನೋಡಿ ಬೇಸರಪಟ್ಟರು, ಸ್ಲ್ಯಾಬ್ ಒಡೆಸಿದರು. ಕೆಂಚಪ್ಪನನ್ನು ಹಗ್ಗ ಕಟ್ಟಿ ಎತ್ತಿದರು. ಕುತ್ತಿಗೆ ಅರ್ಧ ಕಡಿದುಹೋಗಿತ್ತು. ಗುರುತು ಹಿಡಿಯಲು ಅವನ ಹೆಂಡತಿ ಅಂಕಮ್ಮನನ್ನು ಕರೆಸಿದ್ದರು. ಅವಳು ಅಳಲಿಲ್ಲ. ಬಗ್ಗಿ ಅವನ ಎದೆ ಮುಟ್ಟಿದಳು. ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟಿದ್ದಳು.

"ಮೈ ಇನ್ನೂ ಬೆಚ್ಚಗದೆ ಕಣ್ರೀ," ಅಂದಳು. "ಈಗ ತಾನೇ ಹೋಗವ್ರೆ."

ತಿಂಗಳ ಹಿಂದಿನ ಹೆಣ. ಪೊಲೀಸರು ಅವಳ ಮಾತನ್ನು ಬರೆದುಕೊಳ್ಳಲಿಲ್ಲ. ಭುಜಕ್ಕೆ ಬಟ್ಟೆ ಕಟ್ಟಿಕೊಂಡು ಪಕ್ಕದಲ್ಲೇ ನಿಂತಿದ್ದ ಶಿವರಾಜು ಕೇಳಿಸಿಕೊಂಡ.

ನಡೆದದ್ದು ಇದು. ಅನುಮಾನವಿದ್ದರೆ ಬಿಳಿಗೆರೆಗೆ ಹೋಗಿ, ಊಟದ ಹೊತ್ತಿಗೆ ಹೋಗಿ. ಏಟು ಬಿದ್ದದ್ದು ಎಡಭುಜಕ್ಕೆ. ಬಲಗೈಗೆ ಏನೂ ಆಗಿಲ್ಲ, ಡಾಕ್ಟರು ನೋಡಿದ್ದಾರೆ. ಶಿವರಾಜು ಆ ನೋಯುವ ಎಡಗೈಯಲ್ಲೇ ಮುದ್ದೆ ಮುರಿಯುತ್ತಾನೆ.