ಇಥಿಯೋಪಿಯಾದ ಅರ್ಜಿ

೧೯೭೨ರ ಒಂದು ಮಧ್ಯಾಹ್ನ ಸೀರೆ ವ್ಯಾಪಾರಿ ಗೂಳಪ್ಪ ಜಮಖಂಡಿ ಬಸ್‌ಸ್ಟ್ಯಾಂಡಿನಲ್ಲಿ ರಬಕವಿ ಬಸ್ಸಿಗೆ ಕಾಯುತ್ತಿದ್ದ. ಅದೇ ಬೆಂಚಿನ ಮೇಲೆ, ಅದೇ ಬಸ್ಸಿಗೆ ಕಾಯುತ್ತ, ಶಾಲೆಯ ಮಾಸ್ತರಿಣಿ ಮುತ್ತವ್ವ ತನ್ನ ಅತ್ತೆ ಅನಸವ್ವನ ಜತೆ ಕೂತಿದ್ದಳು. ಮುತ್ತವ್ವನ ಕೈಯಲ್ಲಿ ಅರ್ಜಿಯ ಲಕೋಟೆ ಇತ್ತು; ಇಥಿಯೋಪಿಯಾದ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸಲು ಹೋಗುವ ಮಾತು ನಡೆದಿತ್ತು. ಇಥಿಯೋಪಿಯಾ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಗೂಳಪ್ಪನ ಕಣ್ಣು ಪೇಪರಿನ ಮೇಲಿದ್ದರೂ ಗಮನವೆಲ್ಲ ಅತ್ತ ಹೋಯಿತು.

"ಆ ಮಂದಿಗಿ ತಮ್ಮ ಮಾತಿಲ್ಲೇನ ಮುತ್ತವ್ವಾ?"

"ಐತ್ರಿ ಅತ್ತಿ. ಸಾಲ್ಯಾಗ ಇಂಗ್ಲಿಷ್ ಕಲೀತಾರ."

"ನೀಯೇನು ಇಂಗ್ಲಿಷರಾಕಿ ಅಲ್ಲ. ನಿನ್ನ ಯಾಕ ಕರೀತಾರ?"

"ಅದಕ್ಕ ಸರ್ಟಿಫಿಕೇಟ್ ಬೇಕ್ರಿ. ಹೈದರಾಬಾದಿನಾಗ ಒಂಬತ್ತು ತಿಂಗಳು, ಹೆಂಗ ಕಲಸಬೇಕು ಅನ್ನೂದನ್ನ ಹೇಳಿಕೊಡ್ತಾರ. ಈ ಅರ್ಜಿ ಅದಕ್ಕರಿ."

"ನನ್ನ ಮಗ ಏನಂದ?"

"ಅವ್ವನ್ನ ಕೇಳು ಅಂದ್ರು."

"ಕೂಸು?"

"ಒಂಬತ್ತು ತಿಂಗಳು ನಿಮ್ಮ ಹಂತೇಕ ಇರಲಿ. ಮುಂದ ಎಲ್ಲಾರೂ ಕೂಡೇ ಹೋಗೂಣ್ರಿ. ನೀವು ಬ್ಯಾಡಂದ್ರ ಈ ಲಕೋಟಿ ಇಲ್ಲೇ ಹರೀತೇನಿ."

"ಎಲ್ಲಾರೂ ಅಂದ್ರ ನಾನೂನ?"

"ನೀವೂರಿ."

ಅನಸವ್ವ ಸೊಸೆಯ ಕಡೆ ಪೂರ್ತಿ ತಿರುಗಿ ಕೂತಳು.

"ಹಂಗಾರ ನನಗೊಂದು ಮಾತು ಕಲಸು, ನೋಡೂಣು. ಎಲ್ಲಿಗಿ ಹೊಂಟೀರಿ ಅನ್ನಾಕ ಏನಂತಾರ?"

"ವೇರ್ ಆರ್ ಯು ಗೋಯಿಂಗ್."

ಮುತ್ತವ್ವ ಅದನ್ನು ತುಂಡು ತುಂಡು ಮಾಡಿ ನಾಲ್ಕು ಸಲ ಹೇಳಿಕೊಟ್ಟಳು. ಐದನೆಯ ಸಲ ಅನಸವ್ವ ಗೂಳಪ್ಪನತ್ತ ತಿರುಗಿ ತಾನೇ ಕೇಳಿಬಿಟ್ಟಳು:

"ವೇರಾರ್ಯೂ ಗೋಯಿಂಗ್?"

"ರಬಕವಿಗ್ರಿ," ಎಂದ ಗೂಳಪ್ಪ, ಗಾಬರಿಯಿಂದ.

"ತಿಳೀತ ನೋಡು ಇವರಿಗಿ!" ಅನಸವ್ವ ಸೊಸೆಯ ತೋಳು ಹಿಡಿದು ಎದ್ದಳು. "ನಿನಗ ಕಲಸಾಕ ಬರತೈತಿ. ನಡಿ, ಪೋಸ್ಟ್ ಮುಚ್ಚೂದ್ರಾಗ ರಜಿಸ್ಟರ್ ಮಾಡೂಣು."

ಅಷ್ಟರಲ್ಲಿ ರಬಕವಿ ಬಸ್ಸು ಬಂತು. ಅತ್ತೆ ಸೊಸೆ ಅದರತ್ತ ನೋಡದೆ ಪೋಸ್ಟ್ ಆಫೀಸಿನ ದಾರಿ ಹಿಡಿದರು.